ರೀಟಾಳ ಮೇಲೆ ಮೂರೂರಿನ ಸಿಟ್ಟು

ನನ್ನ ‘ರೀಟಾ ವೇಲಿಣಕರ್’ ಎಂಟು ತಿಂಗಳ ಮೇಲೆ ಮನೆಗೆ ಬಂತು. ಸಂಕೇಶ್ವರದಿಂದ ಗಡಹಿಂಗ್ಲಜಕ್ಕೆ ಹೋಗಿತ್ತು, ಅಲ್ಲಿಂದ ಕೊಲ್ಹಾಪುರ, ಕಡೆಗೆ ಇಚಲಕರಂಜಿ. ಯಾರದೋ ಪಿಶವಿಯೊಳಗೆ ಕೂತು ಎಸ್.ಟಿ. ಬಸ್ಸಿನಲ್ಲೇ ಅಷ್ಟೂ ತಿರುಗಾಟ. ಬೆನ್ನು ಬಿಚ್ಚಿದೆ, ಅಂಚಿನ ತುಂಬ ಪೆನ್ಸಿಲ್ ಗೀಟು. ಪುಸ್ತಕ ಎರವಲು ಕೊಡುವಾಗ ನಾನು ಹಾಕುವ ಷರತ್ತು ಒಂದೇ: ಪೆನ್ನು ಮುಟ್ಟಿಸಬೇಡಿ, ಪೆನ್ಸಿಲಿನಲ್ಲಿ ಏನು ಬೇಕಾದರೂ ಬರೆಯಿರಿ, ಬೈದರೂ ನಡೆದೀತು. ಈ ಸಲ ಬೈಗುಳವೇ ಹೆಚ್ಚು.

ಶಾಂತಾ ಗೋಖಲೆಯವರ ಈ ಮರಾಠಿ ಕಾದಂಬರಿ ಬಂದದ್ದು 1990ರಲ್ಲಿ. ಐದು ವರ್ಷದ ಮೇಲೆ ತಾವೇ ಇಂಗ್ಲಿಷಿಗೆ ತಂದರು. ನಾಲ್ಕು ಹೆಣ್ಣುಮಕ್ಕಳಲ್ಲಿ ಹಿರಿಯಳಾದ ರೀಟಾ ಹದಿನೆಂಟಕ್ಕೇ ನೌಕರಿಗೆ ನಿಂತು ತಾಯಿ, ತಂದೆ, ತಂಗಿಯರ ಸಂಸಾರ ಹೊರುತ್ತಾಳೆ. ಆಫೀಸಿನ ಸಾಹೇಬ ಸಾಳವಿ ಹೆಂಡತಿಯುಳ್ಳವನು; ಅವನ ಪ್ರೀತಿಯಲ್ಲಿ ವರ್ಷಗಟ್ಟಲೆ ಕಾಯುತ್ತಾಳೆ. ಒಂದು ದಿನ ಮನಸ್ಸು ಮುರಿದು ಆಸ್ಪತ್ರೆ ಸೇರುತ್ತಾಳೆ. ಆಗ ಪಕ್ಕದಲ್ಲಿ ಕೂರುವವಳು ಗೆಳತಿ ಸರಸ್ವತಿ. ಲೇಖಕಿಯ ಮಗಳು ರೇಣುಕಾ ಶಹಾಣೆ 2009ರಲ್ಲಿ ಇದನ್ನೇ ‘ರೀಟಾ’ ಎಂಬ ಸಿನಿಮಾ ಮಾಡಿದರು. ರೀಟಾಳಾಗಿ ಪಲ್ಲವಿ ಜೋಶಿ. ಸರಸ್ವತಿಯ ಪಾತ್ರವನ್ನು ಮಾತ್ರ ರೇಣುಕಾ ಯಾರಿಗೂ ಬಿಟ್ಟುಕೊಡಲಿಲ್ಲ. ತಾಯಂದಿರ ಬಗ್ಗೆ ಇಷ್ಟು ಖಾರವಾಗಿ ಬರೆದ ತಾಯಿಯ ಪುಸ್ತಕವನ್ನು ಮಗಳು ಕೈಗೆತ್ತಿಕೊಂಡದ್ದು ನನಗೆ ಈಗಲೂ ಸೋಜಿಗ.

ಮೊದಲ ಓದುಗಿತ್ತಿ ಗಡಹಿಂಗ್ಲಜದ ವೈನಿ. ಮನೆಮಾತು ಕನ್ನಡ, ಕಲಿತದ್ದು ಮರಾಠಿ ಶಾಲೆ. ಭೈರಪ್ಪನವರ ‘ವಂಶವೃಕ್ಷ’ವನ್ನೂ ಉಮಾ ಕುಲಕರ್ಣಿಯವರ ಮರಾಠಿಯಲ್ಲೇ ಓದಿದವರು. ಓದು ಮರಾಠಿಯಲ್ಲಿ, ಜಗಳ ಕನ್ನಡದಲ್ಲಿ. ಹಿರಣ್ಯಕೇಶಿ ದಂಡೆಯ ಎಷ್ಟೋ ಮನೆಗಳ ರೀತಿಯೇ ಇದು. ಫೋನಿನಲ್ಲಿ ಹೇಳಿದರು: “ಲಗ್ನಾದಾಂವನ ಬೆನ್ನ ಹತ್ತಿದ್ದಕ್ಕ ನಾ ಏನೂ ಅನ್ನಂಗಿಲ್ಲವಾ, ಅದು ಆಕೀ ಹಣೇಬರಾ. ಆದ್ರ ಹೆತ್ತತಾಯಿನ್ನ ಹಿಂಗ ನಾಲ್ಕ ಮಂದ್ಯಾಗ ಎಳೀಬಾರದಿತ್ತು.” ಸಾಳವಿಗೆ ಕ್ಷಮೆ, ಲೇಖಕಿಗೆ ಶಿಕ್ಷೆ! ವೈನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಪುಣೆಯಲ್ಲಿ ಗಳಿಸಿ ಮನೆಗೆ ಕಳಿಸುತ್ತಾಳೆ. ಇದನ್ನು ಆ ಹೊತ್ತಿಗೆ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಕೊಲ್ಹಾಪುರದ ಕಾಕು ನಿವೃತ್ತ ಶಿಕ್ಷಕಿ, 1850ರಿಂದ ನಡೆದು ಬಂದಿರುವ ಕರವೀರ ನಗರ ವಾಚನ ಮಂದಿರದ ಹಳೆಯ ಸದಸ್ಯೆ. ಅವರಿಗೆ ತಾಯಿಯ ಚಿತ್ರ ಸರಿಯಾಗಿಯೇ ಕಂಡಿತು. ಸಿಟ್ಟು ಬಂದದ್ದು ರೀಟಾಳ ತಾಳ್ಮೆಯ ಮೇಲೆ. ಸಾಳವಿ ಬರುವ ಪುಟಗಳ ಅಂಚಿನಲ್ಲೆಲ್ಲ ಅವರು ಬರೆದದ್ದು ಒಂದೇ ಶಬ್ದ: “ಪುರೇ.” ಸಾಕು ಅಂತ. ಏಳು ಕಡೆ ಎಣಿಸಿದೆ.

ಕಾಕುಗೆ ಹೋಲಿಸಿ ನೋಡಲು ತಮ್ಮೂರಿನ ಪುಸ್ತಕವೇ ಇದೆ. ಕೊಲ್ಹಾಪುರದ ಚಿತ್ರನಿರ್ದೇಶಕ ಭಾಲಜಿ ಪೆಂಢಾರಕರ್ ಅವರ ಮಗಳು ಮಾಧವಿ ದೇಸಾಯಿಯವರ ಆತ್ಮಕಥೆ ‘ನಾಚ್ ಗ ಘುಮಾ’ ಬಂದದ್ದು 1988ರಲ್ಲಿ, ರೀಟಾಗಿಂತ ಎರಡೇ ವರ್ಷ ಮೊದಲು. ‘ಸ್ವಾಮಿ’ ಕಾದಂಬರಿಯ ರಣಜಿತ್ ದೇಸಾಯಿ ಅವರೊಡನೆ ಚಂದಗಡ ತಾಲೂಕಿನ ಕೋವಾಡದಲ್ಲಿ ಬಾಳಿದ ದಿನಗಳನ್ನು ಅದರಲ್ಲಿ ಅವರು ಬಿಚ್ಚಿಟ್ಟಾಗ ಮರಾಠಿ ಓದುಗರಲ್ಲಿ ದೊಡ್ಡ ಗದ್ದಲವೆದ್ದಿತು. ಮಂಗಳಾಗೌರಿಯ ರಾತ್ರಿ ಹೆಂಗಸರು ಕೂಡಿ ಆಡುವ ಆಟದ ಹಾಡಿನಿಂದ ಬಂದ ಹೆಸರು ಅದು. ಕಾಕು ಹೇಳುವಂತೆ, ಆಗ ತಮ್ಮ ಗಲ್ಲಿಯಲ್ಲಿ ಪುಸ್ತಕ ಓದಿದವರಿಗಿಂತ ಪಕ್ಷ ಕಟ್ಟಿದವರು ಹೆಚ್ಚು, ಏಕೆಂದರೆ ಮನೆಗಳು ಗುರುತಿನವು, ಸೋಯರಿಕೆಯವು. ರೀಟಾ ದೂರದ ಮುಂಬಯಿಯವಳು, ಮೇಲೆ ಕಲ್ಪನೆಯವಳು. ಅವಳನ್ನು ಬೈದರೆ ಯಾರ ಮದುವೆಯ ಆಮಂತ್ರಣವೂ ತಪ್ಪುವುದಿಲ್ಲ. ಈ ಮಾತು ಪೂರ್ತಿ ನಿಜ. ಕಾದಂಬರಿ ಎಂಬುದಿರುವುದು ಅರ್ಧ ಇದಕ್ಕೇ ಎಂದು ನನ್ನ ಗುಮಾನಿ.

ಇಷ್ಟೆಲ್ಲ ಬೈಗುಳದ ನಡುವೆ ಸರಸ್ವತಿಗೆ ಒಂದು ಗೀಟೂ ಬಿದ್ದಿರಲಿಲ್ಲ. ಹೊಗಳಿಕೆಯೂ ಇಲ್ಲ. ವೈನಿಯನ್ನು ಕೇಳಿದೆ. “ಇಂಥಾ ಮೈತ್ರೀಣ ಎಲ್ಲಿರತಾರವಾ? ಅದೊಂದು ಬರೇ ಕಾದಂಬರಿ” ಎಂದರು. ಸಾಳವಿಯನ್ನು ನಂಬಿದರು, ಆ ತಾಯಿಯನ್ನೂ ನಂಬಿದರು, ನಂಬಲಾಗದ್ದು ಗೆಳತಿಯೊಬ್ಬಳನ್ನೇ.

ಯೋಚಿಸಿದರೆ ಈ ಭಾಗದ ಓದುಗಿತ್ತಿಯರಿಗೆ ಗೆಳತಿಯರೆಂದರೆ ಮೊದಲು ನೆನಪಾಗುವವರು ದೇವಯಾನಿ, ಶರ್ಮಿಷ್ಠೆ. ವಿ.ಸ. ಖಾಂಡೇಕರರು 1959ರ ‘ಯಯಾತಿ’ಯನ್ನು ಬರೆದದ್ದು ಕೊಲ್ಹಾಪುರದಲ್ಲಿ ನೆಲೆಸಿದ್ದಾಗ, ಅವರಿಗೆ 1974ರ ಜ್ಞಾನಪೀಠ ಬಂತು. ಪು.ಲ. ದೇಶಪಾಂಡೆ ಅಧ್ಯಕ್ಷತೆಯ ಮರಾಠಿ ಸಾಹಿತ್ಯ ಸಮ್ಮೇಳನ ಇಚಲಕರಂಜಿಯಲ್ಲಿ ನಡೆದದ್ದೂ ಅದೇ 1974ರಲ್ಲಿ. ಕನ್ನಡದವರಿಗೆ 1961ರಿಂದ ಕಾರ್ನಾಡರ ‘ಯಯಾತಿ’ ಇದ್ದೇ ಇದೆ. ಒಂದು ಸೀರೆ ಅದಲುಬದಲಾಗಿ, ಬಾವಿಗೆ ನೂಕುವ ತನಕ ಹೋಗಿ, ಗೆಳತಿ ಗೆಳತಿಯ ದಾಸಿಯಾಗಿ, ಕಡೆಗೆ ಒಬ್ಬನೇ ಗಂಡಸಿಗೆ ಇಬ್ಬರೂ ಕಟ್ಟುಬೀಳುವ ಕಥೆ. ಅದರ ಮೇಲೆ ಬೆಳೆದವರಿಗೆ ಏನನ್ನೂ ಕಿತ್ತುಕೊಳ್ಳದೆ ಆಸ್ಪತ್ರೆಯ ಮಂಚದ ಪಕ್ಕ ಸುಮ್ಮನೆ ಕೂರುವ ಸರಸ್ವತಿ ಪುರಾಣಕ್ಕಿಂತ ಪುರಾಣವಾಗಿ ಕಂಡರೆ ಆಶ್ಚರ್ಯವೇನು? ನಮ್ಮ ಕಡೆ ಮದುವೆಯಾಗಿ ಹೋಗುವವಳು ತವರಿನಿಂದ ಭಾಂಡೆ ಒಯ್ಯುತ್ತಾಳೆ, ಬಂಗಾರ ಒಯ್ಯುತ್ತಾಳೆ, ಗೆಳತಿಯನ್ನು ಅಲ್ಲೇ ಬಿಟ್ಟು ಹೋಗುತ್ತಾಳೆ.

ನನ್ನ ಕಣ್ಣು ತೆರೆಸಿದ್ದು ಇಚಲಕರಂಜಿ. ಹಿಂದೆ ಮುಂದೆ ಮಗ್ಗದ ಸದ್ದಿರುವ ಗಲ್ಲಿಯ ಮನೆಯೊಂದರಲ್ಲಿ ಅಕ್ಕತಂಗಿಯರಿಬ್ಬರು ಒಂದೇ ಪ್ರತಿಯನ್ನು ಸರದಿಯಲ್ಲಿ ಓದಿದ್ದಾರೆ. ವಯಸ್ಸಿನ ಅಂತರ ನಾಲ್ಕು ವರ್ಷ. ಒಂದೇ ಶಾಲೆ, ಆಪಟೆ ವಾಚನ ಮಂದಿರದಿಂದ ಒಂದೇ ಕಾರ್ಡಿನಲ್ಲಿ ಪುಸ್ತಕ ತಂದವರು. ತಂಗಿ ಪುಸ್ತಕವನ್ನು ಎರಡು ರಾತ್ರಿಯಲ್ಲಿ ಮುಗಿಸಿ ಕೊನೆಯ ಪುಟದಲ್ಲಿ ‘ಛಾನ್’ ಎಂದು ಬರೆದಿದ್ದಾಳೆ. ಅಕ್ಕನದು ಗೀಟಿಲ್ಲ, ಶಬ್ದವಿಲ್ಲ. ನಡುವಿನಲ್ಲೊಂದು ಕಡೆ, ತಂಗಿಯರ ಪ್ರಸ್ತಾಪ ಬರುವಲ್ಲಿ, ಬಸ್ಸಿನ ಟಿಕೀಟು ಸಿಕ್ಕಿಸಿದೆ. ಅಲ್ಲಿಂದ ಮುಂದಕ್ಕೆ ಓದಿಲ್ಲ. ಯಾಕೆಂದು ಕೇಳಿದರೆ, “ಕಂಟಾಳಾ ಬಂತ್ರೀ, ನಮ್ಮನಿ ಕಥಿ ನಾನ್ಯಾಕ ಮತ್ತ ಓದ್ಲಿ” ಎಂದಳಂತೆ. ಹೇಳಿದ್ದು ತಂಗಿ, ನಗುತ್ತ. ಅವಳಿಗೆ ಅದರಲ್ಲಿ ನಗುವಂಥದ್ದು ಕಂಡಿತ್ತು.

ಅಲ್ಲಿಯವರೆಗೆ ನನ್ನ ಲೆಕ್ಕ ಬೇರೆ ಇತ್ತು. ವಯಸ್ಸಾದವರು ತಾಯಿಯ ಕಡೆ, ಹುಡುಗಿಯರು ರೀಟಾಳ ಕಡೆ ಎಂದುಕೊಂಡಿದ್ದೆ. ಕಾಕು ಅದನ್ನು ಸುಳ್ಳು ಮಾಡಿದರು. ಊರು, ಭಾಷೆ, ಕಲಿಕೆ, ಯಾವುದೂ ತಾಳೆಯಾಗಲಿಲ್ಲ. ತಾಳೆಯಾದದ್ದು ಹುಟ್ಟಿದ ಸರದಿ. ಮತ್ತೆ ಒಬ್ಬೊಬ್ಬರನ್ನೇ ಕೇಳಿ ನೋಡಿದೆ. ಕಾಕು ಐವರ ಮೇಲಿನ ಹಿರೇಮಗಳು. “ಪುರೇ” ಎಂದದ್ದು ರೀಟಾಳಿಗೋ ತಮಗೋ ಎಂದು ಈಗ ನನಗೆ ಅನುಮಾನ. ವೈನಿ ಕಿರಿಯವರು, ಮೇಲಾಗಿ ಗಳಿಸುವ ಮಗಳ ತಾಯಿ. ಪುಸ್ತಕ ಚೆಂದ ಎಂದವರೆಲ್ಲ ನಡುವಿನವರು, ಕೊನೆಯವರು. ಅವರಿಗೆ ರೀಟಾ ಮರುಗಬೇಕಾದ ಕಥಾನಾಯಕಿ. ಹಿರಿಯರಿಗೆ ಅವಳು ಇನ್ನೂ ತುಂಬಬೇಕಾದ ಬಿಲ್ಲು. ಮೂರು ಊರಿನ ನಾಲ್ಕಾರು ಹೆಂಗಸರ ಮೇಲೆ ಸಿದ್ಧಾಂತ ಕಟ್ಟಬಾರದು, ಗೊತ್ತು. ವಿಮರ್ಶಕರು ಇಷ್ಟೂ ಮಂದಿಯನ್ನು ಕೇಳುವುದಿಲ್ಲವಲ್ಲ!

ಪುಸ್ತಕಕ್ಕೆ ಹೊಸ ರಟ್ಟು ಹಾಕಿಸಿದೆ. ಪೆನ್ಸಿಲ್ ಗೀಟು ಅಳಿಸಿಲ್ಲ, ಟಿಕೀಟು ಇದ್ದಲ್ಲೇ ಇದೆ. ಮೊದಲ ಸಲ ಓದಿದಾಗ ನಾನೂ ಎರಡೇ ರಾತ್ರಿಯಲ್ಲಿ ಮುಗಿಸಿ ‘ಎಷ್ಟು ಚೆಂದ’ ಎಂದುಕೊಂಡವಳು. ನಾನು ಮೂವರಲ್ಲಿ ಕೊನೆಯವಳು. ನೂಲಿನ ಪೇಢಿಯೊಂದರಲ್ಲಿ ಲೆಕ್ಕ ಬರೆದು ನನ್ನ ಬಿ.ಎ. ಫೀ ತುಂಬಿದ ಅಕ್ಕ ನಮ್ಮ ಮನೆಯಿಂದ ಎರಡು ಓಣಿ ಆಚೆಗಿದ್ದಾಳೆ, ಓದುವ ಚಟ ನನಗೆ ಹತ್ತಿದ್ದೇ ಅವಳಿಂದ. ಮೂರೂರು ಸುತ್ತಿ ಬಂದ ಈ ಪ್ರತಿಯನ್ನು ಅವಳಿಗೆ ಮಾತ್ರ ನಾನು ಇನ್ನೂ ಕೊಟ್ಟಿಲ್ಲ.