ಹಿಮ ಎಷ್ಟು ಬಿತ್ತು ಎಂದು ಕೇಳಬೇಡಿ

ನವೆಂಬರ್ ಕಾಲಿಟ್ಟಿತೆಂದರೆ ಓಸ್ಲೊ ನಗರದ ಸ್ಕೀ ಪ್ರಿಯರ ಬಾಯಲ್ಲಿ ಒಂದೇ ಪ್ರಶ್ನೆ: ಮೇಲೆ ಎಷ್ಟು ಹಿಮ ಬಿದ್ದಿದೆ? ಮೇಲೆ ಎಂದರೆ ನೋರ್ಡ್‌ಮಾರ್ಕಾ, ನಗರದ ಉತ್ತರದ ಅಂಚಿಗೇ ಅಂಟಿಕೊಂಡ ಸ್ಪ್ರೂಸ್ ಮರಗಳ ಕಾಡು. ಮೆಟ್ರೊದ ಒಂದನೇ ಮಾರ್ಗ ಕೊನೆಯಾಗುವ ಫ್ರಾಗ್ನರ್‌ಸೇಟರೆನ್ ನಿಲ್ದಾಣವೇ ಸಮುದ್ರಮಟ್ಟದಿಂದ ಸುಮಾರು 470 ಮೀಟರ್ ಎತ್ತರದಲ್ಲಿದೆ. ನೂರು ಮೀಟರ್ ಏರಿದರೆ ಉಷ್ಣತೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚೇ ಇಳಿಯುತ್ತದೆ. ಹಾಗಾಗಿ ಬಂದರಿನಲ್ಲಿ ಜಿಟಿಜಿಟಿ ಮಳೆ ಹಿಡಿದ ದಿನವೇ ಅಲ್ಲಿ ಹಿಮ ಸುರಿಯುತ್ತಿರುತ್ತದೆ. ಸುದ್ದಿ ಬೆಟ್ಟ ಇಳಿದು ಬರುವುದು ಸೆಂಟಿಮೀಟರುಗಳಲ್ಲಿ. ಮೂವತ್ತು ಎಂದರೆ ಹಬ್ಬ, ಹತ್ತು ಎಂದರೆ ನಿಟ್ಟುಸಿರು. ಈ ಲೆಕ್ಕವೇ ತಪ್ಪು ಎಂಬುದು ನನ್ನ ವಾದ. ಹಂಗಾಮಿನ ಮೊದಲ ಮೂರು ನಾಲ್ಕು ವಾರ ಹಾದಿಯ ಗುಣ ತೀರ್ಮಾನಿಸುವುದು ಹಿಮದ ಆಳವಲ್ಲ, ಹಿಮದಡಿಯ ನೆಲ. ಚಿನ್ನಸ್ವಾಮಿ ಕ್ರೀಡಾಂಗಣದ ಪಿಚ್ ನೋಡಲು ಬಗ್ಗಿದ ನಾಯಕ ಹುಲ್ಲಿನ ಉದ್ದವನ್ನಷ್ಟೇ ನೋಡಿ ಎದ್ದು ಬರುವುದಿಲ್ಲ, ಕೆಳಗಿನ ಮಣ್ಣಿನ ತೇವವನ್ನು ಬೆರಳೊತ್ತಿ ನೋಡುತ್ತಾನೆ. ಸ್ಕೀ ಹಾದಿಗೂ ಬೇಕಾದದ್ದು ಅದೇ ಬೆರಳು.

ಆಳದ ಅಂಕಿ ಮೋಸ ಮಾಡುವುದಕ್ಕೆ ಮೊದಲ ಕಾರಣ ಸಾಂದ್ರತೆ. ಗಾಳಿಯಿಲ್ಲದ ಚಳಿಯಲ್ಲಿ ಬಿದ್ದ ಹೊಸ ಹಿಮದ ಒಂದು ಘನ ಮೀಟರ್ ತೂಗುವುದು 50ರಿಂದ 100 ಕಿಲೊ. ಯಂತ್ರ ಹಾದು ಗಟ್ಟಿಯಾದ ಹಾದಿಯಲ್ಲಿ ಅಷ್ಟೇ ಜಾಗದ ಹಿಮ 400 ಕಿಲೊ ದಾಟುತ್ತದೆ. ಅಂದರೆ ಮೂವತ್ತು ಸೆಂಟಿಮೀಟರ್ ಹಗುರ ಹಿಮವನ್ನು ರೋಲರ್ ಒತ್ತಿದ ಮೇಲೆ ಉಳಿಯುವುದು ಆರೇಳು ಸೆಂಟಿಮೀಟರ್ ಅಷ್ಟೇ. ಅದೇ, ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಬಿದ್ದ ಹನ್ನೆರಡು ಸೆಂಟಿಮೀಟರ್ ಒದ್ದೆ ಹಿಮ ರಾತ್ರಿ ಗಡ್ಡೆಕಟ್ಟಿದರೆ ಅಷ್ಟೇ ದಪ್ಪದ, ಅದಕ್ಕಿಂತ ಬಿಗಿಯಾದ ತಳ ಸಿಗುತ್ತದೆ. ಇಷ್ಟು ಹಳಬರಿಗೆಲ್ಲ ಗೊತ್ತು. ಅವರೂ ಮರೆಯುವುದು ಎರಡನೆಯ ಕಾರಣವನ್ನು.

ಬೇಸಿಗೆಯ ಬಿಸಿಯನ್ನು ಮಣ್ಣು ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ. ಕೆಳಗಿನಿಂದ ಚದರ ಮೀಟರಿಗೆ ಬರೀ 5 ವಾಟ್ ಶಾಖ ಏರಿ ಬರುತ್ತಿದೆ ಎಂದಿಟ್ಟುಕೊಳ್ಳಿ. ಒಂದು ಕಿಲೊ ಹಿಮ ಕರಗಿಸಲು 334 ಕಿಲೊಜೂಲ್ ಬೇಕು. ಲೆಕ್ಕ ಹಾಕಿದರೆ ದಿನಕ್ಕೆ ಚದರ ಮೀಟರಿಗೆ 1.3 ಕಿಲೊ, ಹತ್ತು ದಿನಕ್ಕೆ 13 ಕಿಲೊ ಹಿಮ ಕಣ್ಣಿಗೆ ಬೀಳದೆ ಅಡಿಯಿಂದಲೇ ಕರಗಿಹೋಗುತ್ತದೆ. ಹಗುರವಾದ ಹೊಸ ಹಿಮವಾದರೆ ಇದು ಹದಿಮೂರು ಸೆಂಟಿಮೀಟರಿಗೂ ಮಿಕ್ಕಿ. ಇದರ ಮೇಲೆ ಇನ್ನೊಂದು ಕಿತಾಪತಿ ಇದೆ: ಹೊಸ ಹಿಮದ ಬಹುಪಾಲು ಗಾಳಿಯೇ ಆದ್ದರಿಂದ ಅದು ಶಾಖವನ್ನು ಚೆನ್ನಾಗಿ ತಡೆಯುತ್ತದೆ. ಬೆಚ್ಚಗಿನ ನೆಲದ ಮೇಲೆ ಒಮ್ಮೆಲೇ ದಪ್ಪ ಹಿಮ ಬಿದ್ದರೆ, ಮೇಲೆ ಮೈನಸ್ ಹದಿನೈದು ಇದ್ದರೂ ಆ ಚಳಿ ಮಣ್ಣಿಗೆ ಇಳಿಯುವುದಿಲ್ಲ. ನೋರ್ಡ್‌ಮಾರ್ಕಾದ ಎಷ್ಟೋ ಹಾದಿಗಳು ಜೌಗು ನೆಲದ ಮೇಲೆ, ಕೆರೆಗಳ ಮೇಲೆ ಹಾಯುತ್ತವೆ. ಬೇಸಿಗೆಯ ಕಾಲುದಾರಿಗೆ ನೀಲಿ ಗುರುತು, ಚಳಿಗಾಲದ ಸ್ಕೀ ದಾರಿಗೆ ಕೆಂಪು ಗುರುತು ಎಂದು ಅಲ್ಲಿ ಬೇರೆ ಬೇರೆ ಇಟ್ಟಿರುವುದು ಸುಮ್ಮನೆ ಅಲ್ಲ. ಕೆಂಪು ದಾರಿಗಳು ಎಷ್ಟೋ ಕಡೆ ನೀರು ಗಡ್ಡೆಕಟ್ಟಿದ ಮೇಲಷ್ಟೇ ದಾರಿ ಎನಿಸಿಕೊಳ್ಳುತ್ತವೆ. ಗಡ್ಡೆಕಟ್ಟದ ಜೌಗಿನ ಮೇಲೆ ಅರ್ಧ ಮೀಟರ್ ಹಿಮ ಬಿದ್ದರೆ ನೋಡಲು ಕ್ಯಾಲೆಂಡರಿನ ಚಿತ್ರ, ಒಳಗೆ ಕೆಸರು ನೀರು. ಹಿಮದ ಭಾರಕ್ಕೆ ಆ ನೀರು ಮೇಲೆ ಉಕ್ಕುತ್ತದೆ, ಸ್ಕೀ ಅಡಿಗೆ ಮೆತ್ತಿ ಕ್ಷಣದಲ್ಲಿ ಮಂಜುಗಡ್ಡೆಯಾಗುತ್ತದೆ. ಟನ್‌ಗಟ್ಟಲೆ ತೂಗುವ ಯಂತ್ರವನ್ನು ಅಲ್ಲಿ ಇಳಿಸುವಂತೆಯೇ ಇಲ್ಲ. ಆದ್ದರಿಂದ ನನ್ನ ಮಟ್ಟಿಗೆ ಒಳ್ಳೆಯ ಆರಂಭವೆಂದರೆ ಎರಡು ವಾರ ಬೋಳು ಚಳಿ, ಆಮೇಲೆ ಹದಿನೈದು ಸೆಂಟಿಮೀಟರ್ ಹಿಮ. ಕೆಟ್ಟ ಆರಂಭವೆಂದರೆ ಅಕ್ಟೋಬರ್ ಕೊನೆಯಲ್ಲಿ ಎಲ್ಲರೂ ಫೋಟೊ ತೆಗೆದು ಕುಣಿಯುವ ಆ ಭಾರೀ ಹಿಮಪಾತ.

ನೋರ್ಡ್‌ಮಾರ್ಕಾದಲ್ಲಿ ಮೊದಲು ತೆರೆಯುವುದು ಜೌಗಿನ ಹಾದಿಗಳಲ್ಲ, ಮರ ಸಾಗಿಸಲು ಮಾಡಿದ ಜಲ್ಲಿ ರಸ್ತೆಗಳು. ಅಲ್ಲಿ ನೆಲದ ಮಾತು ಯಾಕೆ ಎಂದು ಯಾರಾದರೂ ಕೇಳಬಹುದು. ಒಪ್ಪುವ ಮಾತೇ. ನೀರು ಬಸಿದುಹೋಗುವ, ಸಮನಾದ ಜಲ್ಲಿಯ ಮೇಲೆ ತೆಳು ಹಿಮವೂ ಸಾಕಾಗುತ್ತದೆ. ಆದರೆ ಇದು ನನ್ನ ವಾದಕ್ಕೆ ಎದುರಲ್ಲ, ಆಸರೆ: ಒಂದೇ ಕಾಡಿನಲ್ಲಿ, ಒಂದೇ ದಿನ, ಒಂದೇ ಆಳದ ಹಿಮದಲ್ಲಿ ಒಂದು ಹಾದಿ ತೆರೆದು ಇನ್ನೊಂದು ಮುಚ್ಚಿರುತ್ತದೆಂದರೆ ವ್ಯತ್ಯಾಸ ಇರುವುದು ಅಡಿಯಲ್ಲಿ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕೇಬಲ್ ಮತ್ತು ಹೇವರ್ಡ್ ಊರುಗಳ ನಡುವೆ 1973ರಿಂದ ನಡೆಯುತ್ತಿರುವ ಬಿರ್ಕೆಬೈನರ್ ಸ್ಕೀ ಓಟದ ಹಾದಿ ಕಾಡಿನ ನಡುವಿನ ಅಗಲವಾದ ಹುಲ್ಲುಪಟ್ಟಿ. ಅಂಥ ಹಾದಿಯಲ್ಲಿ ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿಟ್ಟರೆ ತೆಳು ಹಿಮವೂ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಬೆಳೆಯಲು ಬಿಟ್ಟರೆ ಹಿಮ ಹುಲ್ಲಿನ ತುದಿಯಲ್ಲೇ ನಿಂತು, ಕೆಳಗೆಲ್ಲ ಪೊಳ್ಳು. ಡಿಸೆಂಬರಿನ ಹಾದಿಯನ್ನು ಆಗಸ್ಟಿನಲ್ಲೇ ಕತ್ತಿ ಹಿಡಿದವರು ಮಾಡಿರುತ್ತಾರೆ. ಅವರನ್ನು ಯಾರೂ ನೆನೆಯುವುದಿಲ್ಲ ಎಂಬುದು ಬೇರೆ ಮಾತು.

ತೆಳು ಹಿಮದ ಮೇಲೆ ಜನ ನುಗ್ಗಿದರೆ ಹಾದಿ ಹಾಳು, ಯಂತ್ರ ಬರುವವರೆಗೆ ಕಾಯಬೇಕು ಎಂಬ ಇನ್ನೊಂದು ಆಕ್ಷೇಪವನ್ನು ಅರ್ಧ ಮಾತ್ರ ಒಪ್ಪುತ್ತೇನೆ. ನೆಲ ಮೆತ್ತಗಿದ್ದರೆ ಹೌದು: ಸ್ಕೀ ಅಂಚು ಮಣ್ಣು ಕೆದಕಿ ಹಿಮಕ್ಕೆ ಬೆರೆಸುತ್ತದೆ, ಅಂಥ ಹಿಮ ಮತ್ತೆ ಶುದ್ಧವಾಗುವುದಿಲ್ಲ. ಆದರೆ ನೆಲ ಗಟ್ಟಿಯಾಗಿದ್ದರೆ, ಅಥವಾ ಜೌಗು ಗಡ್ಡೆಕಟ್ಟಲು ತೊಡಗಿದ್ದರೆ, ಕಾಯುವುದೇ ನಷ್ಟ. ಅದುಮಿದ ಹಿಮ ಸಡಿಲ ಹಿಮಕ್ಕಿಂತ ಹಲವು ಪಟ್ಟು ಸಲೀಸಾಗಿ ಶಾಖ ಸಾಗಿಸುತ್ತದೆ. ಅದನ್ನು ಒತ್ತಿದಷ್ಟೂ ಚಳಿ ಕೆಳಕ್ಕಿಳಿದು ನೆಲ ಬಿಗಿಯಾಗುತ್ತದೆ. ಜೌಗಿನ ಮೇಲೆ ಚಳಿಗಾಲದ ರಸ್ತೆ ಮಾಡುವವರು ಹಗುರ ವಾಹನದಿಂದ ಮೊದಲ ಹಿಮವನ್ನು ತುಳಿಸುವುದು ಇದಕ್ಕೇ. ಸ್ಕೀ ಹಾದಿಗೂ ಬೇಕಾದದ್ದು ಆ ಸ್ನೋಮೊಬೈಲು ಮತ್ತು ರೋಲರು. ಸ್ಕೀ ಜಾರಲು ಚಡಿ ಕೊರೆಯುವ ದೊಡ್ಡ ಯಂತ್ರವಲ್ಲ. ಆರು ಸೆಂಟಿಮೀಟರ್ ತಳದಲ್ಲಿ ಮೂರು ಸೆಂಟಿಮೀಟರ್ ಚಡಿ ಕೊರೆಯುವುದು ಬಂಡವಾಳಕ್ಕೇ ಕೈ ಹಾಕಿದಂತೆ. ಅದೇ ಕಾರಣಕ್ಕೆ, ಹಿಮವನ್ನು ಪಕ್ಕಕ್ಕೆ ತಳ್ಳುತ್ತ ಹೋಗುವ ಸ್ಕೇಟಿಂಗ್ ಶೈಲಿಯವರು ಈ ವಾರಗಳಲ್ಲಿ ಹಾದಿ ಬಿಟ್ಟು ದೂರವಿದ್ದರೆ ಉಪಕಾರ.

ಬಿಸಿಲಿನ ಭಯವನ್ನಂತೂ ಬಿಡಬಹುದು. ಡಿಸೆಂಬರಿನಲ್ಲಿ ಓಸ್ಲೊದ ನಡುಹಗಲ ಸೂರ್ಯ ದಿಗಂತದಿಂದ ಏಳು ಡಿಗ್ರಿಯಷ್ಟೇ ಏರುತ್ತಾನೆ. ಹಿಮಕ್ಕೆ ವೈರಿ ಸಮುದ್ರದ ಕಡೆಯಿಂದ ಬರುವ ತೇವದ ಗಾಳಿ: ಒಂದು ಗ್ರಾಂ ನೀರಾವಿ ಹಿಮದ ಮೈಮೇಲೆ ನೀರಾಗುವಾಗ ಬಿಡುವ ಶಾಖ ಏಳು ಗ್ರಾಂ ಹಿಮವನ್ನು ಕರಗಿಸಬಲ್ಲದು. ಇಲ್ಲಿ ಸ್ಪ್ರೂಸ್ ಕಾಡು ಗಾಳಿ ತಡೆದು ಕಾಪಾಡುತ್ತದೆ, ನಿಜ; ಆದರೆ ಬೀಳುವ ಹಿಮದ ದೊಡ್ಡ ಪಾಲನ್ನು ಕೊಂಬೆಗಳಲ್ಲೇ ಹಿಡಿದಿಟ್ಟುಕೊಂಡು ಅದಕ್ಕೆ ಬಾಡಿಗೆ ವಸೂಲಿ ಮಾಡುತ್ತದೆ.

ಬೇಸಿಗೆಯುದ್ದಕ್ಕೂ ಮರದ ಹೊಟ್ಟಿನಡಿ ಹಿಮ ಕಾದಿಟ್ಟು ಶರತ್ಕಾಲದಲ್ಲಿ ಹಾಸುವ ದಾವೋಸ್, ವುಕಾಟ್ಟಿ, ಕ್ಯಾನ್‌ಮೋರ್‌ಗಳನ್ನು ತೋರಿಸಿ, ಇನ್ನು ನೆಲದ ಚಿಂತೆ ಏಕೆ ಎನ್ನುವವರೂ ಇದ್ದಾರೆ. ದಾವೋಸ್‌ನಲ್ಲಿ ಅಳೆದಾಗ ರಾಶಿಯ ಮುಕ್ಕಾಲು ಪಾಲು ಬೇಸಿಗೆ ದಾಟಿ ಉಳಿದಿತ್ತು, ಮೆಚ್ಚಬೇಕಾದ ಕೆಲಸ. ಆದರೆ ಅದು ಕೆಲವೇ ಕಿಲೊಮೀಟರಿನ ಸುತ್ತು. 2024ರಲ್ಲಿ ಹಿಮವಿಲ್ಲದೆ ವಿಸ್ಕಾನ್ಸಿನ್ನಿನ ಆ ಓಟ ಕೃತಕ ಹಿಮದ 10 ಕಿಲೊಮೀಟರ್ ಸುತ್ತಿನಲ್ಲೇ ತಿರುಗಬೇಕಾಯಿತು. ಸ್ಪರ್ಧಿಗಳ ತರಬೇತಿಗೆ ಅದು ಸಾಕು, ಒಂದು ಕಣಿವೆಯಿಂದ ಇನ್ನೊಂದಕ್ಕೆ ದಾಟಿ ಹೋಗುವ ಸುಖಕ್ಕೆ ಸಾಲದು. ಮೇಲಾಗಿ ಕಾದಿಟ್ಟ ಹಿಮದ ಹರಳು ಒರಟು, ಮರಳಿನ ಹಾಗೆ ಸ್ಕೀ ಅಡಿಗೆ ಬಳಿದ ಮೇಣವನ್ನು ಕೆರೆದು ಹಾಕುತ್ತದೆ.

ಹಾಗಾದರೆ ಈ ವಾರ ಕಾಡಿಗೆ ಹೋಗುವವರು ಅಟ್ಟದಿಂದ ಹಳೆಯ ಸ್ಕೀ ಇಳಿಸಿಕೊಳ್ಳಲಿ, ಜಲ್ಲಿ ರಸ್ತೆಯನ್ನೇ ಹಿಡಿಯಲಿ. ಜೌಗಿನ ಅಂಚಿಗೆ ಬಂದಾಗ ಕೈಯ ಕೋಲನ್ನು ಹಿಮದೊಳಗೆ ಒತ್ತಿ ನೋಡಲಿ: ಟಕ್ಕೆಂದು ನಿಂತರೆ ಎಚ್ಚರದಿಂದ ಮುಂದಕ್ಕೆ, ಮೆತ್ತಗೆ ಇಳಿಯುತ್ತಲೇ ಹೋದರೆ ಅಲ್ಲಿಂದಲೇ ಹಿಂದಕ್ಕೆ, ಮೇಲೆ ಹಿಮ ಮೊಣಕಾಲುದ್ದ ಇದ್ದರೂ ಸರಿಯೇ.