ಹಬ್ಬದ ವಾರ, ನಡುವಿನ ವಾರ

ದಸರೆಯಿಂದ ಸಂಕ್ರಾಂತಿಯವರೆಗೆ ನಮ್ಮ ಕಡೆ ಸಿನಿಮಾ ನೋಡುವ ಕಾಲ. ಶಿರಾ, ಪಾವಗಡ, ಮಧುಗಿರಿಯ ಹೊಲಗಳಲ್ಲಿ ಕಡಲೆಕಾಯಿ ಕಿತ್ತು ಆಗಿರುತ್ತದೆ, ರಾಗಿ ಕೊಯ್ಲಿಗೆ ಬರುತ್ತಿರುತ್ತದೆ. ಮಳೆ ಕೈಕೊಡದ ವರ್ಷವಾದರೆ ಜೇಬಿನಲ್ಲಿ ನಾಲ್ಕು ಕಾಸೂ ಇರುತ್ತದೆ. ಗೌಡಗೆರೆಯಿಂದ ಸಿನಿಮಾಕ್ಕೆ ಹೊರಡುವುದೆಂದರೆ ಶಿರಾಕ್ಕೋ ತುಮಕೂರಿಗೋ ಬಸ್ಸು ಹತ್ತುವುದು. ಬಸ್ ಚಾರ್ಜು, ಟಿಕೆಟ್ಟು, ಇಂಟರ್‌ವಲ್ಲಿನ ಬೋಂಡಾ ಎಲ್ಲ ಕೂಡಿಸಿದರೆ ಒಂದು ದಿನದ ಕೂಲಿ ಹೋಯಿತು. ಆದ್ದರಿಂದ 'ಈ ಸಲ ಏನು ನೋಡಬೇಕು ಸಾರ್' ಎಂದು ಕಾಲೇಜು ಹುಡುಗರು ಕೇಳಿದರೆ ನಾನು ಸಲೀಸಾಗಿ ಹತ್ತು ಹೆಸರು ಹೇಳಲಾರೆ.

ಅಕ್ಟೋಬರ್ 2ರಂದು ಬಂದ 'ಕಾಂತಾರ: ಚಾಪ್ಟರ್ 1' ಅನ್ನು ಇಷ್ಟರಲ್ಲಿ ಎಲ್ಲರೂ ನೋಡಿದ್ದೀರಿ. ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಿತ್ತು, ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು, ಅದಾದ ಮೇಲೆ ಈ ಚಿತ್ರ ಬಂತು. ದುಡ್ಡು ಕೊಟ್ಟಿದ್ದಕ್ಕೆ ತೆರೆಯ ತುಂಬ ಸಿಗುವುದು ನಿಜ. ಅರವಿಂದ್ ಕಶ್ಯಪ್ ಅವರ ಕ್ಯಾಮೆರಾ, ಅಜನೀಶ್ ಲೋಕನಾಥ್ ಅವರ ಸಂಗೀತ, ರಥದ ದೃಶ್ಯ ಇವೆಲ್ಲ ಮೊಬೈಲಿನಲ್ಲಿ ನೋಡುವಂಥವಲ್ಲ. ಆದರೂ 2022ರ 'ಕಾಂತಾರ' ನನ್ನನ್ನು ಹಿಡಿದಂತೆ ಇದು ಹಿಡಿಯಲಿಲ್ಲ. ಆ ಚಿತ್ರದ ಕಾಡು ನಮ್ಮದಲ್ಲ, ಮಳೆ ನಮ್ಮದಲ್ಲ, ದೈವವೂ ನಮ್ಮದಲ್ಲ. ಆದರೆ ಅದರ ಜಗಳ ನಮ್ಮದಾಗಿತ್ತು. 1847ರಲ್ಲಿ ಅರಸ ಕೊಟ್ಟ ಭೂಮಿಯನ್ನು 1970ರಲ್ಲಿ ಅವನ ವಂಶದವನು ವಾಪಸು ಕೇಳುತ್ತಾನೆ, 1990ರಲ್ಲಿ ಅರಣ್ಯ ಇಲಾಖೆಯವರು ಬಂದು ಗಡಿ ಹಾಕುತ್ತಾರೆ. ಬಗರ್‌ಹುಕುಂ ಜಮೀನಿಗಾಗಿ ಫಾರಂ 57 ಹಿಡಿದು ತಾಲ್ಲೂಕು ಕಚೇರಿ ಸುತ್ತಿದ ಯಾರಿಗಾದರೂ ಈ ಕತೆಯನ್ನು ಬಿಡಿಸಿ ಹೇಳಬೇಕಿಲ್ಲ. ಹೊಸ ಚಿತ್ರದಲ್ಲಿ ಆ ಜಮೀನು ರಾಜ್ಯವಾಗಿದೆ, ಅರ್ಜಿದಾರ ವೀರನಾಗಿದ್ದಾನೆ. ಕಾಡಿನವರು ಬೆಳೆದ ಸಾಂಬಾರ ಪದಾರ್ಥ ಬಂದರಿನಲ್ಲಿ ಯಾರ ಲೆಕ್ಕಕ್ಕೆ ಮಾರಾಟವಾಗುತ್ತದೆ ಎಂದು ಬೆರ್ಮೆ ಕಂಡುಕೊಳ್ಳುವ ಭಾಗ ಒಂದೇ ಹಳೆಯ ಚಿತ್ರದ ನೆಲದ ಮೇಲೆ ನಿಂತಿದೆ. ಅದನ್ನು ಇನ್ನಷ್ಟು ಬೆಳೆಸಬಹುದಿತ್ತು. ಯುದ್ಧ ಬಂದು ಅದನ್ನು ನುಂಗಿತು.

ಇನ್ನು ಡಿಸೆಂಬರ್. ಎರಡನೇ ವಾರದಲ್ಲಿ ದರ್ಶನ್ ಅವರ 'ದಿ ಡೆವಿಲ್', 25ಕ್ಕೆ ಸುದೀಪ್ ಅವರ 'ಮಾರ್ಕ್', ಅದೇ ದಿನ ಶಿವರಾಜ್‌ಕುಮಾರ್, ಉಪೇಂದ್ರ, ರಾಜ್ ಬಿ. ಶೆಟ್ಟಿ ಕೂಡಿ ನಟಿಸಿರುವ '45'. 'ಮಾರ್ಕ್' ನಿರ್ದೇಶಿಸಿರುವ ವಿಜಯ್ ಕಾರ್ತಿಕೇಯ ಕಳೆದ ಕ್ರಿಸ್‌ಮಸ್ಸಿಗೆ 'ಮ್ಯಾಕ್ಸ್' ಕೊಟ್ಟವರು. ಒಂದೇ ರಾತ್ರಿಯಲ್ಲಿ ಕತೆ ಮುಗಿಸಿದ ಆ ಬಿಗಿ ನನಗೆ ಹಿಡಿಸಿತ್ತು, ಅದೇ ಭರವಸೆಯಿಂದ ಹೋಗುತ್ತೇನೆ. '45' ಸಂಗೀತ ನಿರ್ದೇಶಕ ಅರ್ಜುನ್ ಜನ್ಯ ಅವರ ಮೊದಲ ನಿರ್ದೇಶನ. ನನ್ನ ಕುತೂಹಲ ಅದರಲ್ಲಿ ರಾಜ್ ಶೆಟ್ಟರ ಪಾಲು ಎಷ್ಟು ಎಂಬುದರಲ್ಲಿದೆ. 2023ರ ನವೆಂಬರಿನಲ್ಲಿ, 'ಸಪ್ತ ಸಾಗರದಾಚೆ ಎಲ್ಲೋ'ದ ಎರಡನೇ ಭಾಗ ಬಂದ ಮುಂದಿನ ಶುಕ್ರವಾರವೇ, ಸಾವಿನಂಚಿನ ರೋಗಿಗಳ ಆರೈಕೆ ಮನೆಯೊಂದರ ಕತೆಯಾದ 'ಸ್ವಾತಿ ಮುತ್ತಿನ ಮಳೆ ಹನಿಯೇ'ಯನ್ನು ಮೆಲುದನಿಯಲ್ಲಿ ಹೇಳಿದವರು ಅವರು.

ಸುದೀಪ್ ಹೆಸರು ಬಂದಾಗಲೆಲ್ಲ ನನಗೆ ಈಗ ಬೇರೆ ಸಿನಿಮಾವೊಂದು ನೆನಪಾಗುತ್ತದೆ. ಕಳೆದ ಜುಲೈನಲ್ಲಿ ಭೀಮರಾವ್ ಪೈಗಂಬರ್ ನಿರ್ದೇಶನದ 'ಹೆಬ್ಬುಲಿ ಕಟ್' ಬಂತು. ಬಡ ಹುಡುಗನೊಬ್ಬನಿಗೆ 'ಹೆಬ್ಬುಲಿ'ಯ ಸುದೀಪನ ಹಾಗೆ ಕೂದಲು ಕತ್ತರಿಸಿಕೊಳ್ಳುವ ಆಸೆ. ಊರಿನ ಕಟಿಂಗ್ ಅಂಗಡಿ ಅಲ್ಲೇ ಇದೆ, ಆದರೆ ಅದರ ಕುರ್ಚಿಗೂ ಅವನಿಗೂ ನಡುವೆ ಜಾತಿ ಇದೆ. ನಕ್ಕು ನಕ್ಕು ನೋಡುತ್ತಿದ್ದವರು ಎಲ್ಲಿ ಸುಮ್ಮನಾಗುತ್ತಾರೆ ಎಂದು ನಿರ್ದೇಶಕರಿಗೆ ಗೊತ್ತಿದೆ. ಡಿಸೆಂಬರ್ 25ರ ಮೊದಲ ಆಟದಲ್ಲಿ ಕಟೌಟಿಗೆ ಹಾಲೆರೆಯುವ ಹುಡುಗರಲ್ಲಿ ಈ ಹುಡುಗನೂ ಇರುತ್ತಾನೆ. ಅವನು ಯಾರು ಎಂದು ಹೇಳಿದ ಚಿತ್ರಕ್ಕೆ ಮಾತ್ರ ಯಾವ ಹಬ್ಬದ ವಾರವೂ ಸಿಗಲಿಲ್ಲ. ಉತ್ಸವ್ ಗೋನವಾರ ಅವರ 'ಫೋಟೋ' ಕೂಡ ಹೀಗೆಯೇ 2024ರ ಮಾರ್ಚಿಯ ಪರೀಕ್ಷೆ ದಿನಗಳಲ್ಲಿ ಬಂತು. ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕೆಂದ ರಾಯಚೂರು ಸೀಮೆಯ ಹುಡುಗ ಲಾಕ್‌ಡೌನಿನಲ್ಲಿ ಸಿಕ್ಕಿಕೊಂಡು ಅಪ್ಪನೊಂದಿಗೆ ಊರ ದಾರಿ ಹಿಡಿದು ನಡೆಯುವ ಕತೆ ಅದು. ಇವೆರಡೂ ಒಣಸೀಮೆಯ ಸಿನಿಮಾಗಳು. ನೋಡದಿದ್ದರೆ ಈ ಚಳಿಗಾಲದಲ್ಲಿ ಹುಡುಕಿ ನೋಡಿ. ನನ್ನ ಪಟ್ಟಿಯಲ್ಲಿ ಇವು ಡಿಸೆಂಬರಿನ ಮೂರಕ್ಕೂ ಮುಂದಿವೆ.

ಸ್ಟಾರ್ ಸಿನಿಮಾಕ್ಕೂ ಬರದ ನೆಲಕ್ಕೂ ಆಗಿಬರುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 2023ರ ಡಿಸೆಂಬರ್ 29ರಂದು ಬಂದ ತರುಣ್ ಸುಧೀರ್ ಅವರ 'ಕಾಟೇರ'ದಲ್ಲಿ ದರ್ಶನ್ ಕುಲುಮೆಯವನು. ಗೇಣಿ, ಧಣಿ, ಉಳುವವನೇ ಒಡೆಯ ಎಂಬ ಕಾನೂನು ಇವೆಲ್ಲ ಹೊಡೆದಾಟದ ನಡುವೆಯೂ ಅದರಲ್ಲಿ ನಿಜವಾಗಿ ಕೆಲಸ ಮಾಡುತ್ತವೆ. ನಮ್ಮ ತಾಲ್ಲೂಕಿನವರೇ ಆದ ಬರಗೂರು ರಾಮಚಂದ್ರಪ್ಪನವರು 1978ರಲ್ಲೇ 'ಒಂದು ಊರಿನ ಕಥೆ' ಎಂದು ಹೆಸರಿಟ್ಟು ಸಿನಿಮಾ ಮಾಡಿದರು. ಅವರ ನಂತರ ಶಿರಾ, ಪಾವಗಡದ ಕಡೆಯ ಮಾತು ತೆರೆಯ ಮೇಲೆ ಎಷ್ಟು ಸಲ ಕೇಳಿಸಿತು? ಪಾವಗಡದವರಂತೂ ಮೂರು ಕಡೆಯಿಂದ ಆಂಧ್ರದ ನಡುವೆ ಇದ್ದಾರೆ, ಮನೆಯಲ್ಲಿ ತೆಲುಗು ಆಡುವವರೇ ಬಹಳ. ಕನ್ನಡ ಚಿತ್ರದಲ್ಲಿ ಅವರಿಗೆ ತಮ್ಮ ಹೊಲ ಕಾಣದಿದ್ದರೆ ಅವರು ತೆಲುಗು ಚಿತ್ರಕ್ಕೆ ಹೋಗುತ್ತಾರೆ, ಅದರಲ್ಲಿ ಅಚ್ಚರಿಯೇನಿಲ್ಲ.

ಕೊನೆಯದಾಗಿ, ನಾನು ಇನ್ನೂ ನೋಡದ, ನೋಡಲೇಬೇಕೆಂದಿರುವ ಒಂದು. ನಟೇಶ ಹೆಗಡೆಯವರ 'ವಾಘಾಚಿಪಾಣಿ' ಈ ಫೆಬ್ರವರಿಯಲ್ಲಿ ಬರ್ಲಿನ್ ಚಿತ್ರೋತ್ಸವದ ಫೋರಂ ವಿಭಾಗದಲ್ಲಿ ಮೊದಲು ತೆರೆಕಂಡಿತು. ಅಚ್ಯುತ್ ಕುಮಾರ್ ಇದ್ದಾರೆ. ಕತೆ ಅಮರೇಶ ನುಗಡೋಣಿ ಅವರದು, ಅಂದರೆ ರಾಯಚೂರಿನ ಬಿಸಿಲಲ್ಲಿ ಹುಟ್ಟಿದ ಬರವಣಿಗೆ. ಹೆಗಡೆ ಅದನ್ನು ಉತ್ತರ ಕನ್ನಡದ ಕಾಡಿಗೆ ಒಯ್ದಿದ್ದಾರೆ. ಅಲ್ಲಿಯ ಹಸಿರಿನಲ್ಲಿ ಆ ಬಿಸಿಲಿನ ಕ್ರೌರ್ಯ ಎಷ್ಟು ಉಳಿದಿದೆ, ಏನು ಬದಲಾಗಿದೆ ಎಂದು ನೋಡಬೇಕು. ನುಗಡೋಣಿಯವರ ಕತೆಗಳನ್ನು ಮೊದಲು ಓದಿಕೊಂಡು ಹೋದರೆ ಇನ್ನೂ ಒಳ್ಳೆಯದು. ನಮ್ಮ ಕಡೆಯ ತೆರೆಗೆ ಅದು ಬಂದರೆ ಬರುವುದು ನಡುವಿನ ವಾರದಲ್ಲೇ, ಅದೂ ದಿನಕ್ಕೆ ಒಂದೋ ಎರಡೋ ಆಟ. ಶುಕ್ರವಾರವೇ ಹೋಗಿಬಿಡಿ. ಸೋಮವಾರಕ್ಕೆ ಇರುತ್ತದೆ ಅಂದುಕೊಳ್ಳಬೇಡಿ.