ಸೇನೆ ಓದಿಸುವುದು ಯಾರನ್ನು?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಹಳದಿ ಎಲೆ ರೋಗ ಬಿದ್ದ ತೋಟದ ಮನೆಗಳಲ್ಲಿ ಮಗನ ಕಾಲೇಜಿನ ಮಾತೆದ್ದರೆ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಮಿಲಿಟರಿಗೆ ಕಳ್ಸಿ ಮಾರಾಯ್ರೆ, ಸರ್ಕಾರವೇ ಓದಿಸ್ತದೆ." ದುಡ್ಡಿಲ್ಲದವನಿಗೆ ಸೇನೆಯೇ ಕಾಲೇಜು ಎಂಬ ಈ ನಂಬಿಕೆ ಕೇಳುವುದಕ್ಕೆ ಚೆನ್ನಾಗಿದೆ. ಲೆಕ್ಕಕ್ಕೆ ಕೂತರೆ ನಿಲ್ಲುವುದಿಲ್ಲ.

ಸೇನೆ ಓದಿಸುತ್ತದೆ ಎಂಬುದೇನೋ ನಿಜ. ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು 1962ರಿಂದ ಎಂಬಿಬಿಎಸ್ ಕಲಿಸುತ್ತಿದೆ. ಓದಿನ ಖರ್ಚು ಸರ್ಕಾರದ್ದು, ಬದಲಿಗೆ ಸೇನೆಯ ವೈದ್ಯನಾಗಿ ದುಡಿಯುವ ಬಾಂಡ್. ನಡುವೆ ಬಿಟ್ಟು ಹೋಗುವವರು ಲಕ್ಷಗಟ್ಟಲೆ ಕಟ್ಟಬೇಕು. ಕಾಸರಗೋಡಿನಿಂದ ತೆಂಕಕ್ಕಿರುವ ಏಳಿಮಲದ ನೌಕಾ ಅಕಾಡೆಮಿಯಲ್ಲಿ ಬಿ.ಟೆಕ್ ಓದುವವರಿಗೆ ಪುಸ್ತಕ, ಬಟ್ಟೆ, ಊಟ ಎಲ್ಲವೂ ನೌಕಾಪಡೆಯ ಲೆಕ್ಕ. ಬಾಂಡನ್ನು ಜೀತವೆಂದು ಜರೆಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಓದಿಸಿದವರು ದುಡಿಮೆ ಕೇಳುವುದು ನ್ಯಾಯವೇ.

ಆದರೆ ಆ ಬಾಗಿಲಿಗೆ ತಲುಪುವುದು ಹೇಗೆ? ಒಂದಕ್ಕೆ ನೀಟ್‌ನಲ್ಲಿ ಎತ್ತರದ ರ‍್ಯಾಂಕ್, ಇನ್ನೊಂದಕ್ಕೆ ಜೆಇಇ ಮೇನ್ ರ‍್ಯಾಂಕ್, ಅದರ ಮೇಲೆ ಅಧಿಕಾರಿಗಳನ್ನು ಆರಿಸಲು ದಿನಗಟ್ಟಲೆ ನಡೆಯುವ ಎಸ್‌ಎಸ್‌ಬಿ ಸಂದರ್ಶನ. ನಮ್ಮಲ್ಲಿ ಕೈಯಲ್ಲಿ ಕಾಸಿದ್ದವರು ಇದಕ್ಕಾಗಿಯೇ ಎಸ್ಸೆಸ್ಸೆಲ್ಸಿ ಮುಗಿಯುತ್ತಲೇ ಮಕ್ಕಳನ್ನು ಘಟ್ಟ ಇಳಿಸಿ, ಮೂಡುಬಿದಿರೆ, ಮಂಗಳೂರಿನ ಹಾಸ್ಟೆಲಿಗೆ ಸೇರಿಸುತ್ತಾರೆ. ಕಿಗ್ಗದಾಚೆಯ ಸಿರಿಮನೆಯಿಂದ ದಿನವೂ ಬಸ್ಸು ಹಿಡಿದು ಶೃಂಗೇರಿಗೆ ಪಿಯುಸಿಗೆ ಹೋಗುವ ಹುಡುಗ ಅವರೊಂದಿಗೆ ಓಡಬೇಕು. ಉಚಿತ ಕಾಲೇಜಿನ ಮೊದಲ ಕಂತನ್ನು ಅಪ್ಪನೇ ಕಟ್ಟಿರಬೇಕು ಎಂದಾಯಿತು.

ಆ ಹುಡುಗನಿಗೆ ಸುಲಭವಾಗಿ ಸಿಗುವ ದಾರಿ 2022ರ ಜೂನ್‌ನಲ್ಲಿ ಬಂದ, ಸೈನಿಕರನ್ನು ನಾಲ್ಕು ವರ್ಷಕ್ಕೆ ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆ. ಇಲ್ಲಿ ಕ್ರಮ ತಲೆಕೆಳಗು: ಮೊದಲು ನಾಲ್ಕು ವರ್ಷ ದುಡಿಮೆ, ಓದು ಅವನವನ ಪಾಡು. ಇಗ್ನೊ ಪದವಿಯಲ್ಲಿ ಅರ್ಧದಷ್ಟು ಕ್ರೆಡಿಟ್ಟನ್ನು ಸೇನೆಯ ತರಬೇತಿಗೇ ಕೊಡುತ್ತಾರೆ, ಉಳಿದರ್ಧವನ್ನು ದೂರಶಿಕ್ಷಣದಲ್ಲಿ ಮುಗಿಸಿಕೊಳ್ಳಬೇಕು. ಹೀಗೆ ಸೇರಿದ ಅಗ್ನಿವೀರರಲ್ಲಿ ಖಾಯಂ ಆಗುವವರು ಹೆಚ್ಚೆಂದರೆ ನೂರಕ್ಕೆ 25. ಮಿಕ್ಕವರು ಸುಮಾರು 11.71 ಲಕ್ಷದ ಸೇವಾನಿಧಿ ಹಿಡಿದು, ಪಿಂಚಣಿಯಿಲ್ಲದೆ ಮನೆಗೆ ಬರಬೇಕು. ಆ ನಿಧಿಯಲ್ಲಿ ಅರ್ಧ ಅವರದೇ ಸಂಬಳದಿಂದ ಮುರಿದುಕೊಂಡದ್ದು ಎಂಬುದನ್ನು ಭಾಷಣಗಳಲ್ಲಿ ಯಾರೂ ಎತ್ತುವುದಿಲ್ಲ.

ಮೊದಲು ಸೇವೆ, ಆಮೇಲೆ ಓದು ಎಂಬ ಕ್ರಮವೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅಮೆರಿಕ 1944ರ ಜಿಐ ಕಾಯ್ದೆಯಲ್ಲಿ ಮಾಡಿದ್ದೂ ಅದನ್ನೇ. ಆದರೆ ಯುದ್ಧ ಮುಗಿಸಿ ಬಂದವರ ಕಾಲೇಜು ಶುಲ್ಕವನ್ನು ಅಲ್ಲಿ ಸರ್ಕಾರ ಕಟ್ಟಿತು, ಓದುವಷ್ಟು ಕಾಲ ಜೀವನಕ್ಕೂ ಭತ್ಯೆ ಕೊಟ್ಟಿತು. ಸುಮಾರು 22 ಲಕ್ಷ ಮಂದಿ ಕಾಲೇಜು ಮೆಟ್ಟಿಲು ಹತ್ತಿದರು. (ಕರಿಯ ಸೈನಿಕರಿಗೆ ಅಲ್ಲೂ ಬಾಗಿಲು ಪೂರ್ತಿ ತೆರೆಯಲಿಲ್ಲ; ಅದು ಬೇರೆಯೇ ಕಥೆ.)

"11 ಲಕ್ಷದಲ್ಲಿ ಓದಬಹುದಲ್ಲ" ಎನ್ನುವವರು ಮಲೆನಾಡಿನ ಮನೆಯೊಳಗೆ ಹೊಕ್ಕು ನೋಡಿದವರಲ್ಲ. ಆ ದುಡ್ಡು ಬರುವ ಹೊತ್ತಿಗೆ ಸೊಸೈಟಿ ಸಾಲ ಕಾದಿರುತ್ತದೆ, ತಂಗಿಯ ಮದುವೆ ಗೊತ್ತಾಗಿರುತ್ತದೆ, ಸತ್ತ ಅಡಿಕೆ ಮರಗಳ ಜಾಗಕ್ಕೆ ಕಾಫಿ ಹಾಕುವ ಮಾತು ನಡೆದಿರುತ್ತದೆ. ಇಪ್ಪತ್ತೆರಡು ವರ್ಷದ ಮಗ ಇದನ್ನೆಲ್ಲ ಬದಿಗಿಟ್ಟು ನನ್ನ ಫೀಸು ಮೊದಲು ಎಂದಾನೆಯೆ? ಓದಿನ ಹಣ ಸೇವಾನಿಧಿಯಿಂದ ಬೇರೆಯಾಗಿರಲಿ, ಅದನ್ನು ಸರ್ಕಾರ ನೇರವಾಗಿ ಕಾಲೇಜಿಗೇ ಕಟ್ಟಲಿ, ಬಿಡುಗಡೆಯಾದ ಅಗ್ನಿವೀರರಿಗೆ ಪದವಿ ಕಾಲೇಜುಗಳಲ್ಲಿ ಸೀಟು ಮೀಸಲಿಡಲಿ. ಅಲ್ಲಿಯವರೆಗೆ ಆ ಮನೆಗಳಲ್ಲಿ "ಸರ್ಕಾರವೇ ಓದಿಸ್ತದೆ" ಎನ್ನುವವರು ಯಾವ ಕಾಲೇಜಿನಲ್ಲಿ ಎಂಬುದನ್ನೂ ಜೊತೆಗೇ ಹೇಳಬೇಕು.